ರಬ್ಬರು ಕತ್ತರಿಸಿದ ಮೇಲೆ ವಾಪಸು ಇಲ್ಲ: ಹೊಸ ಟಿ.ಟಿ. ಬ್ಯಾಟಿಗೆ 21,600 ರೂಪಾಯಿ ಸುರಿದವನ ಮಾತು

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಕಾರ್ಬನ್ ಪದರವಿರುವ ಪ್ಲೈ, ಅಂದರೆ ರಬ್ಬರು ಅಂಟಿಸುವ ಮರದ ಹಲಗೆ, 7,800 ರೂಪಾಯಿ. ಎರಡು ಬದಿಗೆ ಎರಡು ರಬ್ಬರು, ಒಂದಕ್ಕೆ 4,200ರಂತೆ 8,400. ಅಂಟಿಸಿದ ಕೂಲಿ, ಅಂಚಿನ ಟೇಪು, ರಬ್ಬರಿನ ಮೇಲೆ ಹಾಕುವ ತೆಳು ಹಾಳೆ ಸೇರಿ 600. ಬ್ಯಾಟಿಗೊಂದು ಗಟ್ಟಿ ಚೀಲ 1,200. ಎರಡು ತಿಂಗಳ ಬಳಿಕ, ಬುದ್ಧಿ ಬರಬೇಕಾಗಿದ್ದ ಹೊತ್ತಿನಲ್ಲಿ, ಇನ್ನೊಂದು ರಬ್ಬರಿಗೆ 3,600. ಒಟ್ಟು 21,600. ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟೇಬಲ್ ಟೆನಿಸ್ ಆಡುವವರು ಹದಿನಾಲ್ಕು ಮಂದಿ. ಇಷ್ಟು ಹಣ ಕೊಡುವ ಮುಂಚೆ ನಾನು ಅವರಲ್ಲಿ ಐದನೆಯವನು. ಕೊಟ್ಟ ಮೇಲೆ ಹತ್ತನೆಯವನು.

ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಪರರ ಸಾಲದ ಅರ್ಜಿಗಳನ್ನು ಅನುಮಾನದಿಂದ ನೋಡಿದವನು ನಾನು. ಸ್ವಂತ ಜೇಬಿನ ವಿಷಯಕ್ಕೆ ಬಂದಾಗ ಆ ಅನುಮಾನ ಎಲ್ಲಿ ಹೋಗಿತ್ತೋ ತಿಳಿಯದು.

ಆರು ವರ್ಷ ಆಡಿದ್ದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ, ಒಂಬೈನೂರು ರೂಪಾಯಿಯ ಬ್ಯಾಟಿನಲ್ಲಿ. ಅದರ ರಬ್ಬರು ಸ್ಲೇಟಿನಂತೆ ನುಣುಪಾಗಿ ಹೊಳೆಯುತ್ತಿತ್ತು. ಅದರ ಮೇಲೆ ಚೆಂಡಿಟ್ಟು ಎಳೆದರೆ ಜಾರಿಹೋಗುತ್ತಿತ್ತು. ಕಳೆದ ರಾಜ್ಯೋತ್ಸವದ ಪಂದ್ಯಾವಳಿಯಲ್ಲಿ ಎಂಟರ ಘಟ್ಟದಲ್ಲೇ ಸೋತು ಕುಳಿತಿದ್ದಾಗ, ಗೆದ್ದ ಹುಡುಗ ನನ್ನ ಬ್ಯಾಟನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, “ಇದರಲ್ಲಿ ಇಷ್ಟು ಆಡುತ್ತೀರಾ ಸರ್? ಒಳ್ಳೆಯ ಬ್ಯಾಟು ಹಿಡಿದರೆ ನಮ್ಮನ್ನೆಲ್ಲ ಸೋಲಿಸಿಬಿಡುತ್ತೀರಿ” ಎಂದ. ಸೋತವನನ್ನು ಸಮಾಧಾನ ಮಾಡಲು ಆಡಿದ ಮಾತು. ನಾನು ಅದನ್ನು ತಜ್ಞರ ವರದಿ ಎಂದುಕೊಂಡೆ. ಅಂದು ರಾತ್ರಿಯಿಂದಲೇ ಹನ್ನೆರಡು ಗಂಟೆಯವರೆಗೆ ಮೊಬೈಲಿನಲ್ಲಿ ಬ್ಯಾಟುಗಳ ವಿಡಿಯೋ ನೋಡುವುದು ಶುರುವಾಯಿತು. ಆ ಮೂರು ವಾರ ಒಂದು ದಿನವೂ ಸರ್ವೀಸ್ ಅಭ್ಯಾಸ ಮಾಡಲಿಲ್ಲ ಎಂಬುದು ಈಗ ನೆನಪಾಗುತ್ತಿದೆ.

ಅಂಗಡಿಯ ಹೆಸರು ಬರೆಯುವುದಿಲ್ಲ. ಅವರು ಸುಳ್ಳು ಹೇಳಲಿಲ್ಲ, ನಕಲಿ ಮಾಲನ್ನೂ ಕೊಡಲಿಲ್ಲ. ಆದರೆ ಅಲ್ಲಿ ನಡೆದದ್ದನ್ನು ಗಮನಿಸಿ. ಅವರು ಕೇಳಿದ ಮೊದಲ ಪ್ರಶ್ನೆ, “ಎಷ್ಟರೊಳಗೆ ಬೇಕು ಸರ್?” ವಾರಕ್ಕೆ ಎಷ್ಟು ದಿನ ಆಡುತ್ತೀರಿ, ಮೇಜಿನ ಹತ್ತಿರ ನಿಂತು ಆಡುತ್ತೀರೋ ಹಿಂದೆ ಸರಿದೋ, ಈಗ ಯಾವುದರಲ್ಲಿ ಆಡುತ್ತಿದ್ದೀರಿ, ಯಾರಲ್ಲಾದರೂ ಕಲಿತಿದ್ದೀರಾ, ಈ ಯಾವ ಪ್ರಶ್ನೆಯೂ ಬರಲಿಲ್ಲ. ಹದಿನೈದರಿಂದ ಇಪ್ಪತ್ತು ಸಾವಿರ ಎಂದೆ. ಕಾರ್ಬನ್ ಪ್ಲೈ ಬಂತು. ಅದಕ್ಕೆ ಹೊಂದುವ ರಬ್ಬರು ಬಂತು, ಎರಡು ಕಡೆಗೂ ಅಡಿಯಲ್ಲಿ ಅತಿ ದಪ್ಪ ಸ್ಪಂಜಿನ ಪದರವಿರುವುದು. “ದೊಡ್ಡ ಆಟಗಾರರು ಆಡುವುದು ಇದರಲ್ಲೇ” ಎಂದರು. ನಿಜವೇ. ದೊಡ್ಡ ಆಟಗಾರರು ದಿನಕ್ಕೆ ಆರು ಗಂಟೆ ಆಡುತ್ತಾರೆ ಎಂಬ ಉಳಿದರ್ಧವನ್ನು ಅವರೂ ಹೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅರ್ಧ ಗಂಟೆಯಲ್ಲಿ ಅಂಟು ಹಚ್ಚಿ, ಪ್ಲೈ ಆಕಾರಕ್ಕೆ ರಬ್ಬರನ್ನು ಕತ್ತರಿಸಿದರು. ಗೋಡೆಯ ಮೇಲೆ “ಕತ್ತರಿಸಿದ ರಬ್ಬರನ್ನು ವಾಪಸು ಪಡೆಯುವುದಿಲ್ಲ” ಎಂಬ ಫಲಕವಿತ್ತು. ಅದನ್ನು ಓದಿದ್ದು ಹಣ ಕೊಟ್ಟ ಮೇಲೆ. ಹಸಿರು ಮಾರ್ಗದ ಮೆಟ್ರೋದಲ್ಲಿ ಬ್ಯಾಟನ್ನು ಮಡಿಲಲ್ಲಿಟ್ಟುಕೊಂಡು, ಚೀಲದ ಜಿಪ್ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಾ ಮನೆಗೆ ಬಂದೆ.

ಮೊದಲ ಹತ್ತು ದಿನ ಹಬ್ಬ. ಎಲ್ಲರೂ ಹಿಡಿದು ನೋಡುವವರೇ. ಚೆಂಡು ತಾಗಿದಾಗ ಬರುವ ಆ ‘ಟಕ್’ ಸದ್ದಿಗೇ ಅರ್ಧ ಹಣ ಬಂತು ಎನಿಸುತ್ತಿತ್ತು. ಎದುರಾಳಿಗಳಿಗೂ ನನ್ನ ಚೆಂಡಿನ ವೇಗ ಹೊಸದು. ನಾಲ್ಕಾರು ಸ್ಮ್ಯಾಷ್‌ಗಳು ಗೋಡೆಗೆ ಬಡಿದವು. ನಾನು ಮೋಸಹೋದದ್ದು ಈ ಹತ್ತು ದಿನಗಳಿಂದಲೇ. ಮೊದಲ ದಿನವೇ ಕೆಟ್ಟದಾಗಿ ಆಡಿದ್ದರೆ ಎಚ್ಚರವಾಗುತ್ತಿತ್ತು.

ಹನ್ನೊಂದನೆಯ ದಿನದಿಂದ ಎಲ್ಲರೂ ಒಂದು ವಿಷಯ ಕಂಡುಕೊಂಡರು: ಇವರಿಗೆ ತಿರುಗುವ ಸರ್ವೀಸ್ ಹಾಕಿದರೆ ಸಾಕು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಯಾವ ವಿಡಿಯೋದಲ್ಲೂ ನನಗೆ ಇದು ಸರಿಯಾಗಿ ಕಾಣಲಿಲ್ಲ. ಹಳೆಯ, ಸತ್ತ ರಬ್ಬರು ಚೆಂಡನ್ನು ಕಚ್ಚುವುದಿಲ್ಲ. ಎದುರಾಳಿ ಎಷ್ಟೇ ತಿರುಗಿಸಿ ಕಳುಹಿಸಲಿ, ಆ ತಿರುಗು ರಬ್ಬರಿನ ಮೇಲೆ ಜಾರಿಹೋಗುತ್ತದೆ. ಚೆಂಡು ಹೆಚ್ಚುಕಡಿಮೆ ಬ್ಯಾಟು ತೋರಿಸಿದ ಕಡೆಗೇ ಹೋಗುತ್ತದೆ. ಆರು ವರ್ಷ ಯಾರ ಸರ್ವೀಸನ್ನೂ ಓದದೆ, ಅಂದರೆ ಚೆಂಡು ಯಾವ ಕಡೆಗೆ ತಿರುಗುತ್ತಿದೆ ಎಂದು ಗುರುತಿಸದೆ, ಬ್ಯಾಟು ಅಡ್ಡ ಹಿಡಿದು ಬದುಕಿದ್ದೆ. ಹೊಸ ರಬ್ಬರು ಕಚ್ಚುತ್ತದೆ. ನನ್ನ ಚೆಂಡಿಗೆ ತಿರುಗು ಕೊಡುವ ಅದೇ ಹಿಡಿತ ಎದುರಾಳಿಯ ತಿರುಗನ್ನೂ ಅಷ್ಟೇ ಪ್ರಾಮಾಣಿಕವಾಗಿ ಸ್ವೀಕರಿಸುತ್ತದೆ. ಚೆಂಡು ಹಿಂದಕ್ಕೆ ತಿರುಗುತ್ತಾ ಬಂದರೆ ಬಲೆಗೆ, ಮುಂದಕ್ಕೆ ತಿರುಗುತ್ತಾ ಬಂದರೆ ಆಕಾಶಕ್ಕೆ, ಅಡ್ಡ ತಿರುಗುತ್ತಾ ಬಂದರೆ ಪಕ್ಕದ ಕೇರಂ ಆಡುವವರ ಕಡೆಗೆ. ಸರ್ವೀಸ್ ಓದಲು ಬರದವನ ಗುಟ್ಟನ್ನು ಹಳೆಯ ಬ್ಯಾಟು ಇಷ್ಟು ವರ್ಷ ಕಾಪಾಡಿತ್ತು. ಹೊಸದು ಎಲ್ಲರೆದುರು ಹೇಳಿಬಿಟ್ಟಿತು.

ಇದಕ್ಕಿಂತ ಕೆಟ್ಟದ್ದು ವೇಗದಿಂದಾಯಿತು. ಹಿಂದೆ ಆಟಗಾರರು ಪಂದ್ಯಕ್ಕೆ ಮುಂಚೆ ದ್ರಾವಕವಿರುವ ಅಂಟು ಹಚ್ಚಿ ಸ್ಪಂಜನ್ನು ಉಬ್ಬಿಸಿಕೊಳ್ಳುತ್ತಿದ್ದರು. ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟ 2008ರಲ್ಲಿ ಅದನ್ನು ನಿಷೇಧಿಸಿತು. ಆ ಚಿಮ್ಮುವ ಗುಣವನ್ನು ಈಗ ಕಾರ್ಖಾನೆಯಲ್ಲೇ ಸ್ಪಂಜಿನೊಳಗೆ ತುಂಬಿ ಕಳುಹಿಸುತ್ತಾರೆ. ಅದರ ಕೆಳಗೆ ಗಡುಸಾದ ಕಾರ್ಬನ್ ಪ್ಲೈ. ಚೆಂಡಿನ ತೂಕ 2.7 ಗ್ರಾಂ. ಬಲೆ ದಾಟಿದ ಮೇಲೆ ಅದು ಬೀಳಬೇಕಾದ ಜಾಗದ ಉದ್ದ 1.37 ಮೀಟರ್. ಬ್ಯಾಟು ಅಡ್ಡ ಹಿಡಿದು ಚೆಂಡನ್ನು ತಡೆದು ಕಳುಹಿಸುವ ನನ್ನ ಎಂದಿನ ಬ್ಲಾಕ್ ಈಗ ಆ ಜಾಗವನ್ನು ಮುಟ್ಟದೆಯೇ ದಾಟಿ ಹೋಗತೊಡಗಿತು. ಆಗ ಕೈ ತಾನಾಗಿಯೇ ಹೆದರಿತು. ಪೂರ್ತಿ ಬೀಸಿದರೆ ಹೊರಗೆ ಹೋಗುತ್ತದಲ್ಲ, ಅದಕ್ಕೆ ಅರ್ಧಕ್ಕೇ ತಡೆಯತೊಡಗಿದೆ. ಫೋರ್‌ಹ್ಯಾಂಡ್ ಹೊಡೆತ ಹಣೆಯವರೆಗೆ ಬರುತ್ತಿದ್ದದ್ದು ಎದೆಯ ಬಳಿಯೇ ನಿಲ್ಲತೊಡಗಿತು. ಹೋದ ಹಣ ಹೋಯಿತು. ಆರು ವರ್ಷ ಕಷ್ಟಪಟ್ಟು ಕೂಡಿಸಿಕೊಂಡಿದ್ದ ಆ ಒಂದು ಪೂರ್ತಿ ಬೀಸು ಇಂದಿಗೂ ಸರಿಯಾಗಿ ಮರಳಿಲ್ಲ.

ಮೊಣಕೈ ನೋವಿನದು ಚಿಕ್ಕ ಕಥೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ ಹಳೆಯ ಬ್ಯಾಟು 152 ಗ್ರಾಂ, ಹೊಸದು 191. ಮೂವತ್ತೊಂಬತ್ತು ಗ್ರಾಂ ಏನು ಮಹಾ ಎಂದುಕೊಂಡಿದ್ದೆ. ಆರು ವಾರದ ನಂತರ ಕಾಫಿ ಲೋಟ ಎತ್ತುವಾಗ ತಿಳಿಯಿತು.

ಇಷ್ಟಾದ ಮೇಲಾದರೂ ನಿಲ್ಲಬೇಕಿತ್ತು. ನಾನು ಮತ್ತೆ ಅದೇ ಅಂಗಡಿಗೆ ಹೋದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕೂಲಿ ಕೊಟ್ಟು ನೆಲವನ್ನು ಎರಡನೆಯ ಬಾರಿ ಸಮ ಮಾಡಿಸಲು ಹೋದವನು. ಬ್ಯಾಕ್‌ಹ್ಯಾಂಡ್ ತೊಂದರೆ ಕೊಡುತ್ತಿದೆ ಎಂದದ್ದಕ್ಕೆ, “ಲಾಂಗ್ ಪಿಂಪಲ್ಸ್ ಹಾಕಿಸಿ ಸರ್, ಮಣಿಕಾ ಬಾತ್ರಾ ಆಡುವುದಿಲ್ಲವೇ?” ಎಂದರು. ಆಡುತ್ತಾರೆ. ಭಾರತದ ಈ ಆಟಗಾರ್ತಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನವನ್ನೂ ಗೆದ್ದಿದ್ದಾರೆ. ಉದ್ದನೆಯ ಮುಳ್ಳುಗಳ ಈ ರಬ್ಬರು ಎದುರಾಳಿಯ ತಿರುಗನ್ನು ಅವರಿಗೇ ಮರಳಿಸುತ್ತದೆ: ಅವರ ಟಾಪ್‌ಸ್ಪಿನ್ (ಮುಂದಕ್ಕೆ ತಿರುಗುವ ಚೆಂಡು) ಅವರ ಬಳಿಗೆ ಚಾಪ್ (ಹಿಂದಕ್ಕೆ ತಿರುಗುವ ಚೆಂಡು) ಆಗಿ ಹೋಗುತ್ತದೆ. ಮಣಿಕಾ ರ‍್ಯಾಲಿಯ ನಡುವೆಯೇ ಕೈಯಲ್ಲಿ ಬ್ಯಾಟನ್ನು ತಿರುಗಿಸಿ ಬದಿ ಬದಲಿಸುತ್ತಾರೆ. ಅದರ ಹಿಂದೆ ಬಾಲ್ಯದಿಂದ ಬಂದ ಅಭ್ಯಾಸವಿದೆ. ನನ್ನ ಹಿಂದೆ ಇದ್ದದ್ದು 3,600 ರೂಪಾಯಿಯ ರಸೀದಿ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ರಾಯರು. ಎಚ್‌ಎಂಟಿಯಲ್ಲಿ ದುಡಿದು ನಿವೃತ್ತರಾದವರು, ಎಪ್ಪತ್ತರ ಹತ್ತಿರ. ಪಿಂಪಲ್ಸ್ ಹಾಕಿಸಿಕೊಂಡು ಬಂದ ದಿನ ಅವರ ಜೊತೆ ಮೂರು ಗೇಮು ಆಡಿದೆ. ಮುಗಿದ ಮೇಲೆ ಮುಖ ಒರೆಸಿಕೊಳ್ಳುತ್ತಾ ಹೇಳಿದರು: “ಈಗ ನಿಮ್ಮ ಚೆಂಡು ಹೇಗೆ ಬರುತ್ತದೆ ಎಂದು ನನಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ ಕಣ್ರೀ. ಆದರೆ ನಾನು ಅದನ್ನು ಬಲೆಯ ಆಚೆ ದಾಟಿಸಿದರೆ ಸಾಕು, ಉಳಿದದ್ದನ್ನು ನೀವೇ ನೋಡಿಕೊಳ್ಳುತ್ತೀರಿ.”

ಆ ಮೂರು ಗೇಮುಗಳನ್ನು ನನ್ನ ಮಗಳು ಮೊಬೈಲಿನಲ್ಲಿ ಹಿಡಿದಿದ್ದಳು. ನಾನು ಪಿಂಪಲ್ಸ್‌ನ ಚಮತ್ಕಾರ ನೋಡೋಣವೆಂದು ಕುಳಿತೆ. ಅವಳು ಪೆನ್ಸಿಲು ಹಿಡಿದು ನಾನು ಕಳೆದುಕೊಂಡ ಅಂಕಗಳನ್ನು ಎಣಿಸಿದಳು. ಒಟ್ಟು 33. ರಾಯರ ಸರ್ವೀಸನ್ನು ಮರಳಿಸಲಾಗದೆ ಹೋದವು 14. ಕಾಲು ಅಲುಗಿಸದೆ ಕೈ ಚಾಚಿ ಕೆಡಿಸಿದವು 9. ನನ್ನದೇ ಸರ್ವೀಸ್ ಬಲೆಗೆ ಬಿದ್ದದ್ದು ಅಥವಾ ಮೇಜಿನಾಚೆ ಹೋದದ್ದು 6. ರಾಯರು ನಿಜಕ್ಕೂ ಚೆನ್ನಾಗಿ ಹೊಡೆದು ಗೆದ್ದದ್ದು ಬರೀ 4. “ಅಪ್ಪ, ಇದರಲ್ಲಿ ಬ್ಯಾಟಿನ ಕಾಲಂಗೆ ಯಾವುದನ್ನು ಹಾಕಲಿ?” ಎಂದು ಕೇಳಿದಳು. ವ್ಯಂಗ್ಯವಾಡಲಿಲ್ಲ, ನಿಜವಾಗಿಯೇ ಕೇಳಿದಳು. ಉತ್ತರ ಹೊಳೆಯದೆ ಊಟಕ್ಕೆ ಎದ್ದೆ.

ಸಲಕರಣೆಯಿಂದ ಏನೂ ಆಗುವುದಿಲ್ಲ ಎಂದು ಹೇಳಿದರೆ ಅದೂ ಸುಳ್ಳೇ. 1952ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಮ್ಮ ಬೊಂಬಾಯಿಯಲ್ಲೇ ನಡೆಯಿತು. ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜಿನ ಬ್ಯಾಟು ಹಿಡಿದು ಬಂದು ಪುರುಷರ ಸಿಂಗಲ್ಸ್ ಗೆದ್ದುಕೊಂಡು ಹೋದರು. ಚೆಂಡು ಬಡಿದ ಸದ್ದು ಕೇಳಿ ಆಡುತ್ತಿದ್ದವರಿಗೆ ಆ ಬ್ಯಾಟು ಸದ್ದನ್ನೇ ಕೊಡಲಿಲ್ಲ. ಆದರೆ ಆಗ ಎದುರಾಳಿಗಳ ಕೈಯಲ್ಲಿ ಅಂಥದ್ದು ಇರಲಿಲ್ಲ. ಈಗ ಸ್ಪಂಜು, ಅಂಟು ಎಲ್ಲ ಸೇರಿ ರಬ್ಬರು 4 ಮಿಲಿಮೀಟರ್ ಮೀರುವಂತಿಲ್ಲ, ಪ್ಲೈ ದಪ್ಪದಲ್ಲಿ ಶೇಕಡ 85ರಷ್ಟಾದರೂ ಮರವೇ ಇರಬೇಕು. ಹಣವಿದ್ದ ಯಾರಿಗಾದರೂ ಸಿಗುವ ವಸ್ತುವಿನಿಂದ ಯಾರನ್ನೂ ಬೆಚ್ಚಿಬೀಳಿಸಲಾಗದು.

ನನ್ನ ಹಳೆಯ ಸ್ಲೇಟಿನಂಥ ರಬ್ಬರನ್ನು ಬದಲಿಸಬೇಕಾಗಿದ್ದದ್ದು ಹೌದು. ಅದರಲ್ಲಿ ಟಾಪ್‌ಸ್ಪಿನ್ ಕಲಿಯಲು ಸಾಧ್ಯವೇ ಇರಲಿಲ್ಲ. ತಪ್ಪಿದ್ದು ಮೆಟ್ಟಿಲು ಬಿಟ್ಟು ಮಹಡಿಗೆ ಹಾರಿದ್ದರಲ್ಲಿ. ಕಾರ್ಬನ್ ಇಲ್ಲದ, ಐದು ಪದರದ ಬರಿಯ ಮರದ ಪ್ಲೈ, ಅದಕ್ಕೆ 1.8 ಅಥವಾ 2 ಮಿಲಿಮೀಟರ್ ಸ್ಪಂಜಿನ ಸಾಧಾರಣ ರಬ್ಬರು ಸಾಕಿತ್ತು. ಈಗ ಆಡುತ್ತಿರುವುದು ಅದರಲ್ಲೇ. ಪ್ಲೈ ರಾಯರ ಕಪಾಟಿನದು, ಹಿಡಿ ಸವೆದು ಕಪ್ಪಾಗಿದೆ. ರಬ್ಬರಿಗೆ ಮಾತ್ರ ಒಂದಕ್ಕೆ 1,300 ಕೊಟ್ಟೆ. ಹತ್ತನೆಯ ಸ್ಥಾನದಿಂದ ಏಳಕ್ಕೆ ಬಂದಿದ್ದೇನೆ, ಆದರೆ ಅದರ ಶ್ರೇಯಸ್ಸು ಬ್ಯಾಟಿಗಲ್ಲ. ಭಾನುವಾರ ಬೆಳಿಗ್ಗೆ ಒಂದು ಬಕೆಟ್ ಚೆಂಡು ಇಟ್ಟುಕೊಂಡು ರಾಯರು ಅರ್ಧ ಗಂಟೆ ಬರೀ ಸರ್ವೀಸ್ ಹಾಕುತ್ತಾರೆ, ನಾನು ಬರೀ ಮರಳಿಸುತ್ತೇನೆ. ಬೇಸರದ ಕೆಲಸ. ನೋಡುವವರು ಯಾರೂ ಇರುವುದಿಲ್ಲ.

ಕೊಂಡದ್ದರಲ್ಲಿ ಪಶ್ಚಾತ್ತಾಪ ಪಡದಿರುವುದು ಒಂದೇ: ಆ ಲೆಕ್ಕದಲ್ಲಿ ಸೇರಿಸದ 4,500 ರೂಪಾಯಿಯ ಶೂ. ಓಡುವ ಶೂಗಳ ಹಿಮ್ಮಡಿ ಎತ್ತರ, ಮೆತ್ತಗೆ. ಪಕ್ಕಕ್ಕೆ ಚಿಮ್ಮುವಾಗ ಪಾದ ಮಗುಚುತ್ತದೆ. ಚಪ್ಪಟೆ ರಬ್ಬರ್ ಅಡಿಯ ಶೂ ಹಾಕಿದ ಮೇಲೆ ನನ್ನ ಕಾಲು ಒಂದಿಷ್ಟಾದರೂ ಅಲುಗುತ್ತಿದೆ. ಬ್ಯಾಟಿನ ಬಗ್ಗೆ ನೂರು ವಿಡಿಯೋ ನೋಡಿದವನಿಗೆ ಶೂ ಬಗ್ಗೆ ಯಾರೂ ಹೇಳಲಿಲ್ಲ.

ಆದರೂ ಕೊಳ್ಳಲೇಬೇಕು ಎಂದು ಹೊರಟಿದ್ದರೆ, ರಬ್ಬರಿಗೆ ಕತ್ತರಿ ತಾಗುವ ಮುಂಚೆ ಅಂಥದ್ದೇ ಬ್ಯಾಟನ್ನು ಯಾರಿಂದಲಾದರೂ ಎರಡು ವಾರ ಕಡ ಪಡೆದು ಆಡಿ. ಎರಡು ದಿನ ಸಾಲದು, ನನ್ನ ಹತ್ತು ದಿನದ ಹಬ್ಬ ನೆನಪಿರಲಿ. ಪ್ಲೈ, ಎರಡು ರಬ್ಬರು ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೈಕೊಟ್ಟಿತು ಎಂಬುದೇ ತಿಳಿಯುವುದಿಲ್ಲ. ಆನ್‌ಲೈನಿನಲ್ಲಿ ದುಬಾರಿ ರಬ್ಬರು ಅರ್ಧ ಬೆಲೆಗೆ ಕಂಡರೆ ಅನುಮಾನಿಸಿ. ಹಿಡಿಯ ಹತ್ತಿರದ ಅಂಚಿನಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ಗುರುತು ಮತ್ತು ಅನುಮೋದನೆಯ ಸಂಖ್ಯೆ ಇದೆಯೇ ನೋಡಿ.

ಕಾರ್ಬನ್ ಬ್ಯಾಟನ್ನು ಅರ್ಧ ಬೆಲೆಗೆ ಮಾರುತ್ತೇನೆಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೆ. ಹಿಂದಿನ ಬ್ಲಾಕಿನ ಯುವಕನೊಬ್ಬ ಫೋನ್ ಮಾಡಿ, “ಇದರಲ್ಲಿ ಆಡಿದರೆ ಆಟ ಸುಧಾರಿಸುತ್ತದೆಯೇ ಸರ್?” ಎಂದು ಕೇಳಿದ. ಮನಸ್ಸು ತಡೆಯದೆ, ಹಣ ಆಮೇಲೆ ನೋಡೋಣ, ಮೊದಲು ಎರಡು ವಾರ ಆಡಿ ಎಂದು ಕೊಟ್ಟು ಕಳುಹಿಸಿದೆ. ಐದು ವಾರವಾಯಿತು. ಬ್ಯಾಟೂ ಬಂದಿಲ್ಲ, ಹಣವೂ ಬಂದಿಲ್ಲ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿದವನು ನನ್ನ ಮುಖ ಕಂಡ ಕೂಡಲೇ ತಾನಾಗಿಯೇ, “ಪಿಂಪಲ್ಸ್ ತೆಗೆಸಿ ಬೇರೆ ರಬ್ಬರು ಹಾಕಿಸೋಣ ಎಂದುಕೊಂಡಿದ್ದೇನೆ ಸರ್” ಎಂದ.