ಮಂಡ್ಯದ ಮನೆಯೋ, ಮೈಸೂರಿನ ಬಾಡಿಗೆ ಮನೆಯೋ: ಎರಡರಲ್ಲೂ ಇದ್ದು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮಂಡ್ಯಕ್ಕೆ. ಕೆಲಸ ಮೈಸೂರಿನಲ್ಲಿ, ಅಪ್ಪ ಕಟ್ಟಿಸಿದ ಮನೆ ಮಂಡ್ಯದಲ್ಲಿ. ಆರು ವರ್ಷ ಟ್ರೈನಿನಲ್ಲಿ ಓಡಾಡಿ, ಸಾಕಪ್ಪಾ ಅಂತ ಮೈಸೂರಿನಲ್ಲಿ ಮನೆ ಮಾಡಿದೆ. ಹದಿನಾಲ್ಕು ತಿಂಗಳಿಗೆ ವಾಪಸ್ ಬಂದೆ. ಈಗ ನಮ್ಮ ಬೋಗಿಯಲ್ಲಿ ಯಾರು ಮನೆ ಬದಲಿಸುವ ಮಾತೆತ್ತಿದರೂ ನನ್ನ ಕಡೆಗೇ ತಿರುಗುತ್ತಾರೆ.

ಹೋಗುವ ಮುಂಚೆ ನನ್ನ ತಲೆಯಲ್ಲಿದ್ದ ಮೈಸೂರೇ ಬೇರೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು, ಸಂಜೆ ದೇವರಾಜ ಮಾರುಕಟ್ಟೆಯಿಂದ ಒಂದು ಮೊಳ ಮಲ್ಲಿಗೆ. ಕೆರೆಗೆ ಹೋದದ್ದು ಒಟ್ಟು ಒಂಬತ್ತು ದಿನ. ಬೆಟ್ಟ ಹತ್ತಿದ್ದು ಎರಡು ಸಲ, ಎರಡೂ ಸಲ ನೆಂಟರು ಬಂದಿದ್ದರು ಅಂತ. ದಸರಾದಲ್ಲಂತೂ ಮನೆಯೇ ಛತ್ರ.

ಮನೆ ಮೊದಲ ಮಹಡಿ, ಬಾಡಿಗೆ 12,000. ಓನರು ಕೆಳಗಡೆ. ನೀರಿನ ಮೋಟರ್ ಸ್ವಿಚ್ ಅವರ ಅಡುಗೆಮನೆ ಒಳಗೆ. ಮನೆ ನೋಡಲು ಹೋದಾಗ ಗಾಳಿ, ಬೆಳಕು, ಪಾರ್ಕಿಂಗು, ವಾಸ್ತು ಎಲ್ಲ ನೋಡಿದೆವು. ಸ್ವಿಚ್ ಎಲ್ಲಿದೆ ಅಂತ ಯಾರು ಕೇಳುತ್ತಾರೆ? ನಮ್ಮ ಪಾಲಿಗೆ ಟೆರೇಸಿನಲ್ಲಿ 500 ಲೀಟರಿನ ಕಪ್ಪು ಟ್ಯಾಂಕು. ನನಗೋ ರಾತ್ರಿ ಹತ್ತಕ್ಕೆ ಸ್ನಾನ ಮಾಡಿಯೇ ಮಲಗುವ ಚಾಳಿ. ಅವರು ಒಂಬತ್ತಕ್ಕೇ ದೀಪ ಆರಿಸುವವರು.

ಒಂದು ರಾತ್ರಿ ತಲೆಗೆಲ್ಲ ಸೋಪು ಹಚ್ಚಿಕೊಂಡಿದ್ದೇನೆ, ನಲ್ಲಿ ಸೊಯ್ ಅಂದು ನಿಂತಿತು. ಹೆಂಡತಿ ಫಿಲ್ಟರಿನ ನೀರು ಚೊಂಬಿನಲ್ಲಿ ತಂದುಕೊಟ್ಟಳು. ಮಾರನೇ ದಿನ ಒಂದು ಒಪ್ಪಂದವಾಯಿತು: ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಹಾಕುತ್ತಾರೆ, ಎರಡು ಕೊಟ್ಟರೆ ಆರಿಸುತ್ತಾರೆ. ಒಳ್ಳೆಯವರೇ, ಒಂದು ದಿನವೂ ಬೈದವರಲ್ಲ. ಆದರೆ ನಿದ್ದೆಯಿಂದ ಎದ್ದು ಬರುವ ಆ ಚಪ್ಪಲಿ ಸದ್ದಿನಲ್ಲೇ ಎಲ್ಲ ಗೊತ್ತಾಗುತ್ತಿತ್ತು. ಕೊನೆಗೆ ಆಫೀಸಿನಿಂದ ಬಂದವನು ಬ್ಯಾಗ್ ಇಡುವ ಮುಂಚೆ ಟೆರೇಸಿಗೆ ಹತ್ತಿ, ಟ್ಯಾಂಕನ್ನು ಬೆರಳಿನಿಂದ ತಟ್ಟಿ ನೋಡುವುದೇ ಕೆಲಸವಾಯಿತು. ಡಬ್ ಅಂದರೆ ನೀರಿದೆ, ಡಣ್ ಅಂದರೆ ಮಿಸ್ಡ್ ಕಾಲ್. ಬೆಟ್ಟ, ಕೆರೆ, ಅರಮನೆ ಎಲ್ಲ ಆ ಡಣ್ ಸದ್ದಿನ ಮುಂದೆ ಲೆಕ್ಕಕ್ಕೇ ಬರಲಿಲ್ಲ.

ಇದು ನನ್ನೊಬ್ಬನ ಕಥೆಯೂ ಅಲ್ಲವಂತೆ. ಅಮೆರಿಕದ ಶ್ಕೇಡ್ ಮತ್ತು ಕಾಹ್ನೆಮನ್ ಅನ್ನುವವರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಒಳ್ಳೆ ಹವೆಯ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನೂ, ಚಳಿ ಜಾಸ್ತಿ ಇರುವ ಮಿಡ್‌ವೆಸ್ಟ್ ಕಡೆಯವರನ್ನೂ ಕೇಳಿದರೆ ಇಬ್ಬರ ತೃಪ್ತಿಯೂ ಹೆಚ್ಚುಕಡಿಮೆ ಒಂದೇ. ಆದರೆ ಕ್ಯಾಲಿಫೋರ್ನಿಯಾದವರೇ ಜಾಸ್ತಿ ಖುಷಿಯಾಗಿರುತ್ತಾರೆ ಅಂತ ಎರಡೂ ಕಡೆಯವರು ಊಹಿಸಿದ್ದರು. ಊರು ಅಂದರೆ ಹವೆ, ಬೆಟ್ಟ ನೆನಪಾಗುತ್ತದೆ. ಸ್ವಿಚ್ ನೆನಪಾಗುವುದಿಲ್ಲ, ಅಲ್ವಾ?

ಅದೇ ಕಾಹ್ನೆಮನ್ ನನಗೆ ಉಲ್ಟಾ ಸಾಕ್ಷಿಯನ್ನೂ ಹೇಳಿದ್ದಾರೆ. 2004ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅವರ ತಂಡ ಟೆಕ್ಸಸ್‌ನಲ್ಲಿ ಕೆಲಸಕ್ಕೆ ಹೋಗುವ 909 ಹೆಂಗಸರನ್ನು ಕೇಳಿದಾಗ, ದಿನದಲ್ಲಿ ಅತಿ ಬೇಸರದ ಹೊತ್ತು ಅಂದರೆ ಬೆಳಗಿನ ಪ್ರಯಾಣ ಅಂತ ಬಂತು. ಅವರನ್ನು ಒಂದು ಸಲ ನಮ್ಮ ಟ್ರೈನಿಗೆ ಹತ್ತಿಸಬೇಕಿತ್ತು. ಎಲಿಯೂರು ಬರುವಷ್ಟರಲ್ಲಿ ಕಬ್ಬಿನ ರೇಟು, ಪಾಂಡವಪುರಕ್ಕೆ ಯಾರದೋ ಮಗಳ ಮದುವೆ, ಶ್ರೀರಂಗಪಟ್ಟಣದ ಸೇತುವೆ ಮೇಲೆ ಹೊಳೆ ಬಗ್ಗಿ ನೋಡಿ ಕೆಆರ್‌ಎಸ್‌ನಲ್ಲಿ ಎಷ್ಟು ಅಡಿ ನೀರಿದೆ ಅನ್ನುವ ಜಗಳ. ತುಂಬಿದರೆ 124.80, ಅದು ಮಾತ್ರ ಎಲ್ಲರಿಗೂ ಬಾಯಿಪಾಠ. ಮೈಸೂರಿನಲ್ಲಿದ್ದಾಗ ನಾನು ದಿನಾ ಹತ್ತು ನಿಮಿಷಕ್ಕೆ ಆಫೀಸಿಗೆ ಹೋಗುತ್ತಿದ್ದೆ, ಸುಮ್ನೆ, ಒಬ್ಬನೇ. ಉಳಿದ ಎರಡು ಗಂಟೆ ಮೊಬೈಲಿಗೆ ಹೋಯಿತು.

ಟ್ರೈನ್ ತಪ್ಪಿದ ದಿನ ಮಾತ್ರ ನರಕ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ.

ಮಕ್ಕಳ ಓದು, ಆಸ್ಪತ್ರೆ ಅಂತಿದ್ದರೆ ಮೈಸೂರೇ ಸರಿ. ಸೆಕೆ ಎರಡೂ ಕಡೆ ಅಷ್ಟೇ.

ನನಗೆ 12,000 ಉಳಿಯುತ್ತದೆ, ಅದರ ಮುಂದೆ ಸೀಸನ್ ಟಿಕೆಟ್ ಏನೂ ಅಲ್ಲ. ರಾತ್ರಿ ಹತ್ತಕ್ಕೆ ಬಿಸಿನೀರೂ ಸಿಗುತ್ತದೆ. ನೈಟ್ ಶಿಫ್ಟಿನವರು, ಬೆಳಿಗ್ಗೆ ಬೇಗ ಏಳಲಾಗದವರು ಧಾರಾಳವಾಗಿ ಮೈಸೂರಿಗೆ ಹೋಗಿ. ಮೋಟರ್ ಸ್ವಿಚ್ ಎಲ್ಲಿದೆ, ಓನರು ಎಷ್ಟೊತ್ತಿಗೆ ಮಲಗುತ್ತಾರೆ, ಇವೆರಡನ್ನು ಕೇಳಿಕೊಂಡೇ ಅಡ್ವಾನ್ಸ್ ಕೊಡಿ.