ಬೇಸಿಗೆಯಲ್ಲಿ ಮೇಯುವ ದನಕ್ಕೆ: ಹಿಂಡಿಯೋ, ಯೂರಿಯಾ ಹುಲ್ಲೋ?

ಫೆಬ್ರವರಿ ಕಳೆದರೆ ಅರಸೀಕೆರೆ ಕಡೆಯ ಗೋಮಾಳದಲ್ಲಿ ಹುಲ್ಲು ಒಣಗಿರುತ್ತದೆ. ದನ ಸಂಜೆವರೆಗೂ ಮೇಯ್ದು ಬರುತ್ತದೆ, ಆದರೂ ಪಕ್ಕೆಲುಬು ಕಾಣುತ್ತದೆ. ಹೊಟ್ಟೆ ತುಂಬಿದರೆ ಸಾಲದು, ಅಲ್ವಾ? ಒಣಹುಲ್ಲಲ್ಲಿ ಪ್ರೋಟೀನ್ ಶೇ. 3-4 ಮಾತ್ರ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ನಾರು ಕರಗಿಸಲು ಸುಮಾರು ಶೇ. 7 ಬೇಕು.

ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನ್ ಶೇ. 40ರ ಆಸುಪಾಸು ಇರುತ್ತದೆ. ದಿನಕ್ಕೆ ಅರ್ಧ ಕೆಜಿ ಕೊಟ್ಟರೂ ಮೇವು ತಿನ್ನುವುದು ಜಾಸ್ತಿಯಾಗುತ್ತದೆ. ತೊಂದರೆ ಎರಡು: ಬೆಲೆ, ಮತ್ತು ಬೂಷ್ಟು. ಮುಗ್ಗಲು ವಾಸನೆ ಬಂದ ಹಿಂಡಿ ಎಷ್ಟೇ ಅಗ್ಗವಾದರೂ ಬೇಡ.

ಯೂರಿಯಾ ಹುಲ್ಲು ಅಗ್ಗ, ಆದರೆ ಕೆಲಸ ಇದೆ. 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾವನ್ನು 40-50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಟಾರ್ಪಾಲಿನಲ್ಲಿ ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತೆಗೆದ ಮೇಲೆ ಸ್ವಲ್ಪ ಹೊತ್ತು ಹರಡಿ, ಘಾಟು ಹೋದ ಮೇಲೆ ಹಾಕಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ಕರಗಿಸಿದ ನೀರಿನ ಬಕೆಟ್ಟನ್ನು ದನದ ಬಾಯಿಗೆ ಸಿಗುವಂತೆ ಇಡಲೇಬೇಡಿ, ಕುಡಿದರೆ ಪ್ರಾಣವೇ ಹೋಗಬಹುದು.

ಸಕಲೇಶಪುರ ಕಡೆ ಭತ್ತದ ಹುಲ್ಲು ಇದ್ದರೆ ನನ್ನ ಓಟು ಯೂರಿಯಾಗೆ. ರಾಗಿ ಹುಲ್ಲು ಮೊದಲೇ ವಾಸಿ, ಅದರ ಜೊತೆ ಹಿಂಡಿ ಸಾಕು. ನಾಲ್ಕೈದು ದನಕ್ಕಿಂತ ಕಡಿಮೆ ಇದ್ದರೆ ಸುಮ್ನೆ ಹಿಂಡಿ ತನ್ನಿ. ಯಾವುದಾದರೂ ಸರಿ, ದಿನಕ್ಕೆ 30-50 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು, ತೊಟ್ಟಿ ತುಂಬ ನೀರು ಇರಲಿ.