‘ಮಜ್ದಾ’ ಪದದ ಬೆನ್ನುಹತ್ತಿ ಕೊಂಡ ನಿಘಂಟು

ಕ್ರಿಸ್ಟಿಯಾನ್ ಬಾರ್ಥೊಲೊಮೆಯವರು 1904ರಲ್ಲಿ ಹೊರತಂದ ಪ್ರಾಚೀನ ಇರಾನಿ ನಿಘಂಟಿನ ಮರುಮುದ್ರಣವನ್ನು ನಾನು ಕೊಂಡದ್ದು ಮುಖ್ಯವಾಗಿ ಒಂದೇ ಪದಕ್ಕಾಗಿ: ಪಾರಸಿಗಳ ಪರಮದೇವನಾದ ಅಹುರ ಮಜ್ದಾ ಎಂಬ ದೇವನಾಮದಲ್ಲಿರುವ, ಅರಿವನ್ನು ಸೂಚಿಸುವ, ಅವರ ಧರ್ಮಗ್ರಂಥದ ಭಾಷೆಯಾದ ಅವೆಸ್ತಾದ ‘ಮಜ್ದಾ’.

ನಮ್ಮ ‘ಮೇಧಾವಿ’ಯಲ್ಲಿರುವ ಸಂಸ್ಕೃತದ ‘ಮೇಧಾ’ ಇದರ ಸೋದರಪದ. ಮನಸ್ಸು ಎಂಬರ್ಥದ ಅಂಗಕ್ಕೆ ‘ಇಡು’ ಎಂಬರ್ಥದ ‘ಧಾ’ ಧಾತು ಸೇರಿ, ‘ಮನಸ್ಸಿಡುವುದು’ ಎಂಬ ಭಾವದಿಂದ ಎರಡೂ ಹುಟ್ಟಿವೆ. ಅವೆಸ್ತಾದಲ್ಲಿ ಊಷ್ಮಧ್ವನಿ (‘ಸ’ಕಾರದಂಥ ಧ್ವನಿ, ಇಲ್ಲಿ ‘z’) ಉಳಿದು ಮಹಾಪ್ರಾಣ ಅಳಿಯಿತು. ಸಂಸ್ಕೃತದಲ್ಲಿ ಮಹಾಪ್ರಾಣ ಉಳಿದು, ಊಷ್ಮಧ್ವನಿ ಲೋಪವಾಗಿ, ಅದರ ಹಿಂದಿನ ಅಕಾರ ಏಕಾರವಾಯಿತು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವಾಗ, ಒಂದು ಕಳೆದುಕೊಂಡದ್ದನ್ನು ಇನ್ನೊಂದು ಕಾಪಾಡಿಕೊಂಡಿರುವುದು ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಪ್ರಯೋಗಗಳನ್ನು ಸ್ಥಳಸಮೇತ ಕೊಡುವುದರಲ್ಲಿ ಈ ನಿಘಂಟು ಅಮೂಲ್ಯ. ಆದರೆ ಈ ಪದದ ಪ್ರಕೃತಿಯನ್ನು, ಅಂದರೆ ವಿಭಕ್ತಿ ಪ್ರತ್ಯಯ ಸೇರುವ ಮೊದಲಿನ ಮೂಲರೂಪವನ್ನು, ‘ಮಜ್ದಾಹ್’ ಎಂದು ಹಕಾರಾಂತವಾಗಿ ಕೊಟ್ಟಿರುವುದನ್ನು ಈಗ ಒಪ್ಪುವುದು ಕಷ್ಟ. ಅವೆಸ್ತಾದ ಪ್ರಾಚೀನ ಸ್ತೋತ್ರಗಳಾದ ಗಾಥೆಗಳ ಛಂದಸ್ಸಿನಲ್ಲಿ ದ್ವಿತೀಯಾ ವಿಭಕ್ತಿಯ ರೂಪವಾದ ‘ಮಜ್ದಾಂ’, ‘ಅಂ’ ಪ್ರತ್ಯಯ ಬೇರೆಯೇ ಅಕ್ಷರವಾಗಿ ನಿಂತು, ಮೂರು ಅಕ್ಷರಗಳಾಗಿ ಎಣಿಕೆಯಾಗುವುದು, ಇದು ಧಾತುವೇ ಕೊನೆಯಲ್ಲಿರುವ ಆಕಾರಾಂತ ನಾಮಪದವೆಂಬ ನಂತರದ ವಿದ್ವಾಂಸರ ನಿಲುವಿಗೆ ಬಲ ಕೊಡುತ್ತದೆ. ವಿವರಣೆಗಳೆಲ್ಲ ಜರ್ಮನ್ ಭಾಷೆಯಲ್ಲಿವೆ, ಮುದ್ರಣವೂ ಬಹಳ ಒತ್ತಾಗಿದೆ. ಅಷ್ಟಾದರೂ ಸಂಸ್ಕೃತ ವ್ಯಾಕರಣದ ಪರಿಚಯವಿದ್ದು, ಜರ್ಮನ್ ಅಲ್ಪಸ್ವಲ್ಪ ಬಲ್ಲವರು ಇದನ್ನು ಧೈರ್ಯವಾಗಿ ಕೊಳ್ಳಬಹುದು.